ಮ್ಯಾಕ್‌ಬೆತ್ ಕಾಫಿ ತೋಟಕ್ಕೆ ಬಂದಾಗ: ನಮ್ಮ ನಗೆನಾಟಕಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ಸಂಜೆ ಹೊತ್ತು ತಾಲೀಮು ಮಾಡುವ ಹವ್ಯಾಸಿ ತಂಡ ನಮ್ಮದು. ಹಗಲಲ್ಲಿ ಒಬ್ಬರು ಗೊಬ್ಬರದ ಅಂಗಡಿಯಲ್ಲಿರುತ್ತಾರೆ, ಇಬ್ಬರು ಮೇಷ್ಟ್ರು, ಒಬ್ಬರು ಆಟೋ ಓಡಿಸುತ್ತಾರೆ, ಒಬ್ಬಳು ಕಾಲೇಜಿಗೆ ಹೋಗುತ್ತಾಳೆ. ಹಳೆಯ ದೊಡ್ಡ ನಾಟಕಗಳನ್ನು ತೆಗೆದುಕೊಂಡು ಈ ಕಡೆಯ ಮಾತಿನಲ್ಲಿ, ಈ ಕಡೆಯ ಬದುಕಿನಲ್ಲಿ ನಗೆನಾಟಕ ಮಾಡುತ್ತೇವೆ. ಆಟ ಮುಗಿದು ಪರದೆ ಬಿಚ್ಚುವ ಹೊತ್ತಿಗೆ ಜನ ಹತ್ತಿರ ಬಂದು ಮಾತಾಡಿಸುತ್ತಾರೆ. ಅವರ ಪ್ರಶ್ನೆಗಳು ಊರಿಂದ ಊರಿಗೆ ಜಾಸ್ತಿ ಬದಲಾಗುವುದಿಲ್ಲ. ನಿಧಾನವಾಗಿ ಕೂತು ಬರೆದ ಉತ್ತರಗಳು ಇಲ್ಲಿವೆ.

ಇದು ಅನುವಾದವಾ, ಅಣಕವಾ?

ಎರಡರ ಅಂಶವೂ ಇದೆ. ಆದರೆ ಪೂರ್ತಿ ಎರಡೂ ಅಲ್ಲ. ಕಥೆಯ ಎಲುಬು ಮೂಲದ್ದೇ. ಯಾರಿಗೆ ಏನು ಬೇಕು, ಯಾರು ಅಡ್ಡ ಬರುತ್ತಾರೆ, ಕೊನೆಗೆ ಯಾರು ಏನು ಕಳೆದುಕೊಳ್ಳುತ್ತಾರೆ, ಇಷ್ಟನ್ನು ನಾವು ಮುಟ್ಟುವುದಿಲ್ಲ. ಊರು, ಉಡುಪು, ಊಟ, ಬೈಗುಳ, ಜಗಳ, ಹಾಡು ಎಲ್ಲ ನಮ್ಮದು. ರಾಜ ಇದ್ದ ಕಡೆ ತೋಟದ ಸಾಹುಕಾರ ಬರಬಹುದು. ಅರಮನೆ ಇದ್ದ ಕಡೆ ಸೊಸೈಟಿ ಆಫೀಸು ಬರಬಹುದು. ಹೊಟ್ಟೆಕಿಚ್ಚು, ದುರಾಸೆ, ಭಯ ಇವು ಮಾತ್ರ ಎಲ್ಲಿಂದಲೂ ಬರಬೇಕಾಗಿಲ್ಲ. ಎಲ್ಲ ಊರಲ್ಲೂ ಮೊದಲೇ ಇರುತ್ತವೆ.

ಮೂಲ ನಾಟಕ ಓದಿಕೊಂಡು ಬರಬೇಕಾ?

ಬೇಡ. ಸುಮ್ನೆ ಬನ್ನಿ. ಪಕ್ಕದ ಮನೆಯವರನ್ನೂ ಕರೆದುಕೊಂಡು ಬನ್ನಿ.

ಮಹಾಕವಿಗಳ ನಾಟಕವನ್ನು ಹೀಗೆ ಎಳೆದಾಡೋದು ತಪ್ಪಲ್ವಾ?

ಈ ಪ್ರಶ್ನೆ ಕೇಳುವವರನ್ನು ಕಂಡರೆ ನಮಗೆ ಗೌರವ. ಆ ನಾಟಕದ ಮೇಲೆ ಪ್ರೀತಿ ಇರುವುದಕ್ಕೇ ತಾನೇ ಕೇಳುತ್ತಾರೆ? ಹಾಗಾಗಿ ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇವೆ.

ನಮಗೆ ಸಿಕ್ಕಿರುವ ಮೊದಲ ಕನ್ನಡ ನಾಟಕ ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’. ಹದಿನೇಳನೇ ಶತಮಾನದ ಕೊನೆಯ ಭಾಗ, ಚಿಕ್ಕದೇವರಾಜ ಒಡೆಯರ ಕಾಲ. ಅದು ಹರ್ಷನ ಸಂಸ್ಕೃತ ನಾಟಕ ‘ರತ್ನಾವಳಿ’ಯನ್ನೇ ಕೃಷ್ಣನ ಕಥೆಯಾಗಿ ತಿರುಗಿಸಿ ಬರೆದದ್ದು. ಅಂದರೆ ಕನ್ನಡ ನಾಟಕ ಕಣ್ಣು ಬಿಟ್ಟದ್ದೇ ಇನ್ನೊಬ್ಬರ ನಾಟಕವನ್ನು ನಮ್ಮ ಮನೆಗೆ ಕರೆತಂದು.

ಶೇಕ್ಸ್‌ಪಿಯರ್ ಕನ್ನಡಕ್ಕೆ ಬಂದ ಬಗೆ ಇನ್ನೂ ಚೆನ್ನಾಗಿದೆ. 1871ರಲ್ಲಿ ಚನ್ನಬಸಪ್ಪನವರು ‘ಕಾಮಿಡಿ ಆಫ್ ಎರರ್ಸ್’ ಕಥೆಯನ್ನು ಕನ್ನಡದಲ್ಲಿ ಬರೆದರು. ಅದಕ್ಕೆ ಇಟ್ಟ ಹೆಸರು ‘ನಗದವರನ್ನು ನಗಿಸುವ ಕಥೆ’. ನಮ್ಮ ತಾಲೀಮು ಕೋಣೆಯ ಗೋಡೆ ಮೇಲೆ ಈ ಮೂರು ಪದ ಸೀಮೆಸುಣ್ಣದಲ್ಲಿ ಬರೆದಿದ್ದೇವೆ.

ಆಮೇಲೆ ಬಂದವರೂ ಸುಮ್ಮನೆ ಅನುವಾದ ಮಾಡಿ ಕೈತೊಳೆದುಕೊಳ್ಳಲಿಲ್ಲ. ನಮ್ಮ ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಹ್ಯಾಮ್ಲೆಟ್‌ನನ್ನು ಡೆನ್ಮಾರ್ಕಿನಿಂದ ಎತ್ತಿ ಬಿದನೂರಿಗೆ ತಂದರು. ಅದೇ ‘ರಕ್ತಾಕ್ಷಿ’. ಬಿ.ಎಂ.ಶ್ರೀ. ಗ್ರೀಕ್ ವೀರ ಅಜಾಕ್ಸ್‌ನ ಸಂಕಟವನ್ನು ಅಶ್ವತ್ಥಾಮನಿಗೆ ಕೊಟ್ಟರು. ಎ.ಎನ್. ಮೂರ್ತಿರಾಯರು ಫ್ರಾನ್ಸಿನ ನಾಟಕಕಾರ ಮೋಲಿಯೇರನ ಡೋಂಗಿ ಭಕ್ತನನ್ನು ‘ಆಷಾಢಭೂತಿ’ ಮಾಡಿ ನಮ್ಮ ಜಗಲಿ ಮೇಲೆ ಕೂರಿಸಿದರು. ಇವರ ಎತ್ತರ ಎಲ್ಲಿ, ನಾವೆಲ್ಲಿ. ಆದರೆ ದಾರಿ ಅವರು ಹಾಕಿಕೊಟ್ಟದ್ದೇ.

ಇನ್ನು ಶೇಕ್ಸ್‌ಪಿಯರ್ ಏನು ಮಾಡುತ್ತಿದ್ದ? ರೋಮಿನ ಪ್ಲಾಟಸ್ ಬರೆದಿದ್ದ ಒಂದು ಜೋಡಿ ಅವಳಿಗಳ ನಾಟಕ ತೆಗೆದುಕೊಂಡ. ಒಂದು ಜೋಡಿ ಸಾಲದು ಅಂತ ಎರಡು ಜೋಡಿ ಮಾಡಿದ. ‘ಮಿಡ್‌ಸಮರ್ ನೈಟ್ಸ್ ಡ್ರೀಮ್’ನಲ್ಲಿ ನೇಕಾರ, ಬಡಗಿ, ದರ್ಜಿ, ತಿದಿ ರಿಪೇರಿಯವನು ಸೇರಿಕೊಂಡು ದೊರೆಯ ಮದುವೆಗೆ ಒಂದು ದುರಂತ ನಾಟಕ ಆಡುತ್ತಾರೆ. ಒಬ್ಬ ಗೋಡೆಯ ಪಾತ್ರ, ಒಬ್ಬ ಬೆಳದಿಂಗಳ ಪಾತ್ರ. ಸಿಂಹದ ವೇಷದವನು ‘ಹೆದರಬೇಡಿ ತಾಯಂದಿರೇ, ನಾನು ನಿಜವಾದ ಸಿಂಹ ಅಲ್ಲ’ ಅಂತ ಮೊದಲೇ ಹೇಳಿಬಿಡುತ್ತಾನೆ. ಪ್ರೇಮಿಗಳು ಸಾಯುವ ಕಥೆಯನ್ನು ನಗೆಯಾಗಿ ತಿರುಗಿಸಿದ ಆ ಕೈಯೇ ‘ರೋಮಿಯೋ ಜೂಲಿಯೆಟ್’ ಅನ್ನೂ ಬರೆದದ್ದು. ಅವನೇ ಹೀಗೆ ಮಾಡಿರುವಾಗ ನಮಗೆ ಧೈರ್ಯ ಬರುವುದಿಲ್ಲವಾ?

ಸಂಸ್ಕೃತ ನಾಟಕ ಮುಟ್ಟಿದ್ದೀರಾ?

ಮುಟ್ಟಿದ್ದೇವೆ. ಜನರಿಗೆ ಸಂಸ್ಕೃತ ನಾಟಕ ಅಂದರೆ ಕೂಡಲೇ ಕೈಮುಗಿಯುವ ಭಾವ. ಆದರೆ ಏಳನೇ ಶತಮಾನದಲ್ಲಿ ಕಾಂಚಿಯಲ್ಲಿ ಆಳಿದ ಪಲ್ಲವ ದೊರೆ ಮಹೇಂದ್ರವರ್ಮ ಬರೆದ ‘ಮತ್ತವಿಲಾಸ ಪ್ರಹಸನ’ ಓದಿ ನೋಡಿ. ಒಬ್ಬ ಕಾಪಾಲಿಕ, ಅಂದರೆ ಶೈವ ಸನ್ಯಾಸಿ, ಕುಡಿದ ಅಮಲಿನಲ್ಲಿ ತನ್ನ ಭಿಕ್ಷಾಪಾತ್ರೆ, ಅಂದರೆ ತಲೆಬುರುಡೆ, ಕಳೆದುಕೊಳ್ಳುತ್ತಾನೆ. ಅದರಲ್ಲಿ ಸುಟ್ಟ ಮಾಂಸ ಇತ್ತು. ಹಾಗಾದರೆ ಕದ್ದದ್ದು ನಾಯಿ, ಇಲ್ಲ ಅಂದರೆ ಬೌದ್ಧ ಭಿಕ್ಷು ಅಂತ ತೀರ್ಮಾನ ಮಾಡುತ್ತಾನೆ. ದಾರಿಯಲ್ಲಿ ಸಿಕ್ಕ ಭಿಕ್ಷುವನ್ನು ಹಿಡಿದು ಜಗಳ. ಕೊನೆಗೆ ನೋಡಿದರೆ ನಿಜವಾಗಿ ನಾಯಿಯೇ ಹೊತ್ತುಕೊಂಡು ಹೋಗಿರುತ್ತದೆ, ಅದರ ಬಾಯಿಂದ ಒಬ್ಬ ಹುಚ್ಚ ಕಿತ್ತುಕೊಂಡಿರುತ್ತಾನೆ. ರಾಜನೇ ಕೂತು ತನ್ನ ಕಾಲದ ಧರ್ಮದ ಜಗಳವನ್ನು ಹೀಗೆ ನಗೆಗೆ ತಂದಿದ್ದಾನೆ. ಸುಮಾರು ಹದಿನಾಲ್ಕು ನೂರು ವರ್ಷದ ಹಿಂದೆ!

ನಮ್ಮ ಆಟದಲ್ಲಿ ಕಾಪಾಲಿಕ ಇಲ್ಲ, ಭಿಕ್ಷು ಇಲ್ಲ. ಪಂಚಾಯ್ತಿ ಚುನಾವಣೆ ಇದೆ. ಪ್ರಚಾರಕ್ಕೆ ಬಂದವರಿಗೆ ಕೊಡಲು ತಂದ ಬಿರಿಯಾನಿ ಕ್ಯಾರಿಯರ್ ಕಾಣೆಯಾಗುತ್ತದೆ. ಎರಡೂ ಕಡೆಯವರು ಒಬ್ಬರ ಮೇಲೊಬ್ಬರು ಹಾಕುತ್ತಾರೆ. ರಾಜಿಗೆ ಬಂದ ಹಿರಿಯರ ಮೇಲೂ ಅನುಮಾನ. ನಾಯಿ ಮಾತ್ರ ರಂಗದ ಮೂಲೆಯಲ್ಲಿ ಮೊದಲಿಂದ ಕೊನೆತನಕ ಮಲಗಿಯೇ ಇರುತ್ತದೆ. ನಾಯಿಯ ಪಾತ್ರ ಮಾಡುವ ಹುಡುಗನಿಗೆ ಒಂದೇ ಒಂದು ಮಾತೂ ಇಲ್ಲ. ಆಟ ಮುಗಿದ ಮೇಲೆ ಜಾಸ್ತಿ ಚಪ್ಪಾಳೆ ಅವನಿಗೇ.

ಮ್ಯಾಕ್‌ಬೆತ್‌ನನ್ನು ನಗೆನಾಟಕ ಮಾಡೋಕೆ ಹೇಗೆ ಸಾಧ್ಯ? ಅದು ಪೂರ್ತಿ ಕೊಲೆ, ರಕ್ತ ಅಲ್ವಾ?

ನಾವು ಅತಿ ಹೆಚ್ಚು ಆಡಿದ ನಾಟಕ ಇದು. ಶೇಕ್ಸ್‌ಪಿಯರನ ದುರಂತ ನಾಟಕಗಳಲ್ಲಿ ಎಲ್ಲಕ್ಕಿಂತ ಚಿಕ್ಕದು. ಕಥೆ ಓಡುತ್ತದೆ, ನಿಲ್ಲುವುದಿಲ್ಲ. ನಗೆನಾಟಕಕ್ಕೆ ಅದೇ ಬೇಕು.

ನಮ್ಮ ಮಾಕಣ್ಣ ಸಕಲೇಶಪುರದ ಆಚೆ ಒಂದು ಕಾಫಿ ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವನು. ನಂಬಿಕಸ್ಥ. ಹಾಜರಿ ಪುಸ್ತಕ ಅವನ ಕೈಲಿ, ಗೋದಾಮಿನ ಬೀಗ ಅವನ ಸೊಂಟದಲ್ಲಿ. ಆಷಾಢದ ಮಳೆಯ ಒಂದು ಸಂಜೆ, ಬಸ್ ಸ್ಟ್ಯಾಂಡಿನ ತಗಡಿನ ಕೆಳಗೆ ಕಂಬಳಿ ಕೊಪ್ಪೆ ಹಾಕಿಕೊಂಡ ಮೂವರು ಹೆಂಗಸರು ಒಲೆ ಹೂಡಿ ಏನೋ ಕುದಿಸುತ್ತಿರುತ್ತಾರೆ. ಮೂಲದ ಮಾಟಗಾತಿಯರ ಕಡಾಯಿಯಲ್ಲಿ ಕಪ್ಪೆ, ಹಾವಿನ ತುಂಡು, ನಾಯಿ ನಾಲಿಗೆ ಇರುತ್ತವೆ. ನಮ್ಮವರದು ಏಡಿ ಸಾರು. ಏಡಿ, ಕಳಲೆ, ಕೆಸದ ಸೊಪ್ಪು, ಅಣಬೆ ಅಂತ ಒಂದೊಂದೇ ಹೆಸರು ಹೇಳಿ ಹಾಕುತ್ತಾರೆ. ಮಲೆನಾಡಿನ ಕಡೆ ಆಡಿದರೆ ಇಲ್ಲೇ ಜನರಿಗೆ ಬಾಯಲ್ಲಿ ನೀರು.

‘ಮಾಕಣ್ಣ, ನೀನು ಈ ತೋಟದ ಸಾಹುಕಾರ ಆಯ್ತೀಯ ಕಣಣ್ಣ.’

‘ನನ್ನ ಹೆಸ್ರಲ್ಲಿ ಒಂದು ಗುಂಟೆನೂ ಇಲ್ವಲ್ಲವ್ವ.’

‘ಇಲ್ದೆ ಇರೋರಿಗೇ ಕಣಣ್ಣ ಕಣಿ ಹೇಳೋದು. ಇರೋರಿಗೆ ಯಾಕೆ ಬೇಕು?’

ಮನೆಗೆ ಬಂದು ಹೆಂಡತಿ ರತ್ನಕ್ಕನಿಗೆ ಹೇಳುತ್ತಾನೆ. ಅವಳ ತಲೆಯಲ್ಲಿ ಅವತ್ತೇ ಬಂಗಲೆಗೆ ಯಾವ ಬಣ್ಣ ಹೊಡೆಸುವುದು ಅನ್ನುವ ಲೆಕ್ಕ ಶುರು. ಅದೇ ರಾತ್ರಿ ದಾರಿಗೆ ಮರ ಬಿದ್ದು ಸಾಹುಕಾರರು ರೈಟರ್ ಮನೆಯಲ್ಲೇ ಉಳಿಯುತ್ತಾರೆ. ಮುಂದಿನದು ಮೂಲದ ಹಾಗೇ, ಹೆಂಡತಿಯ ಒತ್ತಾಯಕ್ಕೆ ಗಂಡ ಮಲಗಿದ್ದ ಅತಿಥಿಯನ್ನೇ ಕೊಲ್ಲುತ್ತಾನೆ. ಗಾಳಿಯಲ್ಲಿ ತೇಲಿ ಬರುವ ಕತ್ತಿಯನ್ನು ನಾವು ಮೀನು ಹಿಡಿಯುವ ಗಾಳದ ಕೋಲಿಗೆ ಕಟ್ಟಿದ್ದೇವೆ. ಕೋಲು ಹಿಡಿದ ಹುಡುಗ ಎಲ್ಲರಿಗೂ ಕಾಣುತ್ತಾನೆ. ಮಾಕಣ್ಣನಿಗೆ ಮಾತ್ರ ಕಾಣುವುದಿಲ್ಲ. ಅವನು ಕೈ ಚಾಚಿದ ಹಾಗೆ ಹುಡುಗ ಕೋಲು ಎತ್ತುತ್ತಾನೆ. ಮಕ್ಕಳು ‘ಮೇಲೆ ನೋಡಣ್ಣೋ, ಮೇಲೆ’ ಅಂತ ಕೂಗುತ್ತವೆ.

ಆ ಕೊನೆಯ ಎರಡು ಭವಿಷ್ಯಗಳು ಇವೆಯಲ್ಲ, ಅವು ನಮಗೆ ಸಿಕ್ಕ ನಿಧಿ. ಒಂದು, ಕಾಡು ನಡೆದು ಬರುವ ತನಕ ನಿನಗೆ ಸೋಲಿಲ್ಲ. ಸಕಲೇಶಪುರ, ಆಲೂರು, ಬೇಲೂರು ಕಡೆ ಈ ಮಾತು ಹೇಳಿದ ಕೂಡಲೇ ಜನ ನಗುತ್ತಾರೆ. ಕಾಡಾನೆ ಅಂಗಳಕ್ಕೆ ಬರುವುದನ್ನು ಕಂಡವರು ಅವರು. ಕಾಡು ಬರುವುದಿಲ್ಲ ಅಂತ ನಂಬಿದ ಮಾಕಣ್ಣನ ಮೇಲೆ ಅವರಿಗೆ ಅಲ್ಲೇ ಕನಿಕರ ಹುಟ್ಟುತ್ತದೆ. ಕೊನೆಗೆ ತೋಟದ ಲೈನ್ ಮನೆಯ ಆಳುಗಳೆಲ್ಲ ಮರಗಸಿಯಲ್ಲಿ ಕಡಿದ ಸಿಲ್ವರ್ ಓಕ್ ಕೊಂಬೆ ಹಿಡಿದು, ಬಾಕಿ ಕೂಲಿ ಕೇಳಲು ಸಭಿಕರ ನಡುವಿನಿಂದಲೇ ನಡೆದು ಬರುತ್ತಾರೆ.

ಇನ್ನೊಂದು, ಹೆಣ್ಣು ಹೆತ್ತ ಯಾರಿಂದಲೂ ನಿನಗೆ ಅಪಾಯ ಇಲ್ಲ. ಮೂಲದಲ್ಲಿ ಕೊನೆಗೆ ಮ್ಯಾಕ್‌ಬೆತ್‌ನನ್ನು ಕೊಲ್ಲುವ ಮ್ಯಾಕ್‌ಡಫ್ ತಾಯಿ ಹೊಟ್ಟೆ ಕುಯ್ದು ತೆಗೆದ ಮಗು. ಆ ಕಾಲಕ್ಕೆ ಅದು ತೀರಾ ಅಪರೂಪದ ಸಂಗತಿ. ಈಗ? ಮಾಕಣ್ಣ ಎದೆ ಉಬ್ಬಿಸಿ ಸಭೆಯನ್ನೇ ಕೇಳುತ್ತಾನೆ, ‘ಇಲ್ಲಿ ಯಾರಾದ್ರೂ ಆಪರೇಷನ್ ಮಾಡಿ ಹುಟ್ಟಿದೋರು ಇದ್ದೀರೇನ್ರಪ್ಪಾ?’ ಒಂದಾದ ಮೇಲೊಂದು ಪುಟ್ಟ ಕೈಗಳು ಮೇಲೆ ಏಳುತ್ತವೆ. ತಾಯಂದಿರು ಮಕ್ಕಳ ಕೈ ಹಿಡಿದು ಎತ್ತುತ್ತಾರೆ. ಮಾಕಣ್ಣ ಆ ಕೈಗಳನ್ನು ಎಣಿಸುತ್ತಾ ಎಣಿಸುತ್ತಾ ಕುರ್ಚಿಗೆ ಕುಸಿಯುತ್ತಾನೆ. ಇದನ್ನು ನಾವು ಬರೆದದ್ದಲ್ಲ. ಒಂದು ಊರಿನಲ್ಲಿ ಒಬ್ಬ ಹುಡುಗಿ ತಾನಾಗಿ ಎದ್ದು ನಿಂತು ‘ನಾನು ಸಿಸೇರಿಯನ್’ ಅಂದಳು. ಅವತ್ತಿಂದ ಉಳಿಸಿಕೊಂಡಿದ್ದೇವೆ.

ಇಷ್ಟೆಲ್ಲ ನಗೆಯ ನಡುವೆ ಒಂದು ಜಾಗದಲ್ಲಿ ನಾವು ನಗಿಸುವುದಿಲ್ಲ. ರತ್ನಕ್ಕ ಕೈ ತೊಳೆಯುವ ದೃಶ್ಯ. ಅವಳು ಅಡಿಕೆ ಬೇಯಿಸುವ ಹಂಡೆ ಪಕ್ಕ ಕೂತಿರುತ್ತಾಳೆ. ಅಡಿಕೆ ಚೊಗರು ಕೈಗೆ ಹತ್ತಿದರೆ ಉಗುರಿನ ಸಂದಿಯೆಲ್ಲ ಕಪ್ಪಾಗಿ ಕೂತುಬಿಡುತ್ತದೆ. ನಾಕಾರು ದಿನ ಹೋಗುವುದಿಲ್ಲ. ಅವಳು ಬಕೆಟ್ಟಿನ ನೀರಲ್ಲಿ ಕೈ ಅದ್ದಿ ಉಜ್ಜುತ್ತಾಳೆ, ಎತ್ತಿ ನೋಡುತ್ತಾಳೆ, ಮತ್ತೆ ಉಜ್ಜುತ್ತಾಳೆ. ಹಾರ್ಮೋನಿಯಂ ಇಲ್ಲ, ಮಾತಿಲ್ಲ, ನೀರಿನ ಸದ್ದು ಮಾತ್ರ. ನಾವು ಯಾವ ನಾಟಕ ತೆಗೆದುಕೊಂಡರೂ ಮೊದಲು ಹುಡುಕುವುದು ಇಂಥ ಒಂದು ಜಾಗವನ್ನು. ಅದು ಸಿಗದಿದ್ದರೆ ಆ ನಾಟಕ ನಮಗೆ ಇನ್ನೂ ಅರ್ಥವಾಗಿಲ್ಲ ಅಂತ ಲೆಕ್ಕ. ಪುಸ್ತಕ ಮುಚ್ಚಿ ಮತ್ತೆ ಮೊದಲಿಂದ ಓದುತ್ತೇವೆ.

ಊರುಗಳಲ್ಲಿ ಆಡುವ ಕುರುಕ್ಷೇತ್ರ ನಾಟಕವನ್ನು ಗೇಲಿ ಮಾಡ್ತೀರಂತೆ, ಹೌದಾ?

ಇಲ್ಲ. ಈ ಮಾತು ಕೇಳಿದಾಗ ನಮಗೆ ಬೇಸರವಾಯಿತು, ಅದಕ್ಕೇ ಸರಿಯಾಗಿ ಹೇಳುತ್ತೇವೆ. ನಮ್ಮ ತಂಡದ ಇಬ್ಬರು ಬಣ್ಣ ಹಚ್ಚಲು ಕಲಿತದ್ದೇ ಕುರುಕ್ಷೇತ್ರದಲ್ಲಿ. ಈ ಸೀಮೆಯಲ್ಲಿ ರೈತರು, ಲೈನ್‌ಮನ್‌ಗಳು, ಅಂಗಡಿಯವರು ತಮ್ಮ ಕೈಯಿಂದ ದುಡ್ಡು ಹಾಕಿ ಪಾತ್ರ ಹಿಡಿಯುತ್ತಾರೆ. ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ಕೂತು ಕಂದ, ಸೀಸ ಪದ್ಯಗಳನ್ನು ಬಾಯಿಪಾಠ ಮಾಡುತ್ತಾರೆ. ಒಂದು ರಾತ್ರಿ ದುರ್ಯೋಧನನಾಗಲು ಒಂದು ವರ್ಷದ ಉಳಿತಾಯ ಹಾಕುವವರನ್ನು ನಾವು ಕಂಡಿದ್ದೇವೆ. ಅಂಥ ಪ್ರೀತಿಯನ್ನು ಗೇಲಿ ಮಾಡಿದರೆ ನಾಟಕಕ್ಕೇ ದ್ರೋಹ.

ನಾವು ಅವರಿಂದ ಸಾಲ ತೆಗೆದುಕೊಳ್ಳುತ್ತೇವೆ. ಮಾಕಣ್ಣ ಸಾಹುಕಾರರ ಕುರ್ಚಿಯಲ್ಲಿ ಮೊದಲ ಸಲ ಕೂರುವಾಗ ದುರ್ಯೋಧನನ ಠೀವಿಯಲ್ಲಿ ಒಂದು ಕಂದ ಹಾಡುತ್ತಾನೆ. ಪದ್ಯದಲ್ಲಿರುವುದು ಕಾಫಿ ರೇಟು, ಗೊಬ್ಬರದ ಸಾಲ. ಆದರೆ ರಾಗ ಶುದ್ಧ, ಮಟ್ಟು ಶುದ್ಧ. ಕೆಟ್ಟದಾಗಿ ಹಾಡಿ ನಗಿಸುವುದು ಸುಲಭ. ಚೆನ್ನಾಗಿ ಹಾಡಿ ನಗಿಸಲು ನಾಲ್ಕು ತಿಂಗಳು ಬೇಕಾಯಿತು. ಆ ಹಾಡಿಗೆ ‘ಒನ್ಸ್ ಮೋರ್’ ಬಿದ್ದ ದಿನ ನಮ್ಮ ಹಾರ್ಮೋನಿಯಂ ಮೇಷ್ಟ್ರ ಕಣ್ಣಲ್ಲಿ ನೀರು ಬಂತು.

ಮೂಡಲಪಾಯ ಬಯಲಾಟದ ಕೋಡಂಗಿಯಿಂದಲೂ ಕಲಿತಿದ್ದೇವೆ. ಅವನು ದೇವರು ರಾಜರು ಬರುವ ಮೊದಲೇ ರಂಗಕ್ಕೆ ಬಂದು ಕುಣಿಯುತ್ತಾನೆ. ಈ ಸೀಮೆಯ ಜನರಿಗೆ ದೊಡ್ಡವರ ಕಥೆಯೊಳಗೆ ಕೋಡಂಗಿ ಇರುವುದು ಹೊಸದಲ್ಲ.

ಯಾವುದರ ಬಗ್ಗೆ ನಗೆ ಮಾಡಲ್ಲ?

ಜಾತಿ ಹಿಡಿದು, ಮೈಬಣ್ಣ ಹಿಡಿದು, ಮೈಕಟ್ಟು ಹಿಡಿದು ನಗಿಸುವುದಿಲ್ಲ. ಅಂಗವಿಕಲತೆಯ ಬಗ್ಗೆಯೂ ಇಲ್ಲ. ಇದನ್ನು ಕಲಿತದ್ದು ಕಷ್ಟದಿಂದ. ಶುರುವಿನ ದಿನಗಳಲ್ಲಿ ಒಂದು ಪಾತ್ರಕ್ಕೆ ತೊದಲು ಇಟ್ಟಿದ್ದೆವು. ಜನ ನಕ್ಕರು. ಆಟ ಮುಗಿದ ಮೇಲೆ ಒಬ್ಬ ತಾಯಿ ಬಂದು ಮೆಲ್ಲಗೆ ಹೇಳಿದರು, ‘ನನ್ನ ಮಗ ಅರ್ಧಕ್ಕೇ ಎದ್ದು ಆಚೆ ಹೋದ ಕಣ್ರಪ್ಪ.’ ಅವನು ಗೇಟಿನ ಹತ್ತಿರ ಸೈಕಲ್ ಹಿಡಿದು ನಿಂತಿದ್ದ. ಅವತ್ತೇ ಆ ತೊದಲು ತೆಗೆದೆವು. ಪಾತ್ರಕ್ಕೆ ಏನೂ ಕಮ್ಮಿ ಆಗಲಿಲ್ಲ.

‘ಟೇಮಿಂಗ್ ಆಫ್ ದ ಶ್ರೂ’ ಕೂಡ ಹೀಗೇ ಬಿಟ್ಟೆವು. ಮೂರು ವಾರ ತಾಲೀಮು ಮಾಡಿದ್ದೆವು. ಗಂಡ ಹೆಂಡತಿಗೆ ಊಟ ಕೊಡದೆ, ನಿದ್ದೆ ಮಾಡಲು ಬಿಡದೆ ಬಗ್ಗಿಸುವ ದೃಶ್ಯ ಬಂತು. ಕೋಣೆಯಲ್ಲಿ ಯಾರಿಗೂ ನಗು ಬರಲಿಲ್ಲ. ನಮ್ಮ ತಂಡದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೇರೆಯವರು ಅದನ್ನು ಚೆನ್ನಾಗಿ ಮಾಡಬಹುದು. ನಮಗೆ ಆಗಲಿಲ್ಲ.

ನಮ್ಮ ನಗೆ ಯಾವಾಗಲೂ ಮೇಲಿನ ಕುರ್ಚಿಯ ಕಡೆಗೆ.

ಭಾಷೆ ಯಾವುದು? ಪುಸ್ತಕದ ಕನ್ನಡವಾ?

ಹಾಸನದ ಮಾತು. ‘ಏನ್ಲಾ’, ‘ಬತ್ತೀನಿ ಕಣ್ಲಾ’, ‘ಕುಂತ್ಕ ಬಾ’ ಎಲ್ಲ ಇರುತ್ತದೆ. ಚಿಕ್ಕಮಗಳೂರಿಗೆ ಹೋದಾಗ ನಾಲ್ಕಾರು ಪದ ಬದಲಾಯಿಸುತ್ತೇವೆ, ಅಷ್ಟೆ.

ಒಂದು ಖುಷಿಯ ವಿಷಯ ಇದೆ. ಶೇಕ್ಸ್‌ಪಿಯರನ ಇಂಗ್ಲಿಷಿನಲ್ಲಿ ‘ದೌ’ ಮತ್ತು ‘ಯು’ ಎರಡೂ ಇದ್ದವು. ಯಾರು ಯಾರನ್ನು ಯಾವಾಗ ಯಾವುದರಿಂದ ಕರೆಯುತ್ತಾರೆ ಅನ್ನುವುದರಲ್ಲೇ ಅರ್ಧ ನಾಟಕ ನಡೆಯುತ್ತದೆ. ಈಗಿನ ಇಂಗ್ಲಿಷಿನಲ್ಲಿ ಅದು ಹೋಯಿತು. ನಮ್ಮಲ್ಲಿ ನೀನು, ನೀವು ಎರಡೂ ಗಟ್ಟಿಯಾಗಿವೆ. ರತ್ನಕ್ಕ ಮೊದಲೆಲ್ಲ ಗಂಡನಿಗೆ ‘ರೀ, ಬನ್ರಿ, ಊಟ ಮಾಡ್ರಿ’ ಅನ್ನುತ್ತಾಳೆ. ಕೊಲೆಯ ರಾತ್ರಿ ಅವನು ಹಿಂಜರಿದಾಗ ಅವಳ ಬಾಯಿಂದ ‘ನೀನೊಬ್ಬ ಗಂಡ್ಸಾ?’ ಅಂತ ಬರುತ್ತದೆ. ನೀವು ಹೋಗಿ ನೀನು ಬಂದ ಆ ಕ್ಷಣಕ್ಕೆ ಹಿಂದಿನ ಸಾಲಿನ ಹೆಂಗಸರೂ ‘ಅಯ್ಯೋ’ ಅನ್ನುತ್ತಾರೆ. ಇದನ್ನು ಕನ್ನಡ ನಮಗೆ ಪುಕ್ಕಟೆಯಾಗಿ ಕೊಟ್ಟಿದೆ.

ಎಷ್ಟು ಹೊತ್ತು ನಡೆಯುತ್ತೆ? ಮಕ್ಕಳನ್ನು ಕರ್ಕೊಂಡು ಬರಬಹುದಾ?

ಒಂದೂವರೆ ಗಂಟೆ. ಮಧ್ಯೆ ಹತ್ತು ನಿಮಿಷ ಕಾಫಿ. ಮಕ್ಕಳು ಖಂಡಿತ ಬರಲಿ. ಡಬಲ್ ಮೀನಿಂಗ್ ಮಾತು ನಮ್ಮ ನಾಟಕದಲ್ಲಿ ಇರುವುದಿಲ್ಲ.

ನಟರು ರಂಗದ ಮೇಲೇ ಮಾತು ಸೇರಿಸ್ತಾರ?

ಸೇರಿಸುತ್ತಾರೆ, ಆದರೆ ಲೆಕ್ಕ ಇಟ್ಟುಕೊಂಡು. ಕನ್ನಡಕ್ಕೆ ಈ ವಿದ್ಯೆ ಹಳೆಯದು. ಮಾಸ್ಟರ್ ಹಿರಣ್ಣಯ್ಯನವರ ನಾಟಕ ನೋಡಿದವರಿಗೆ ಗೊತ್ತು, ಬೆಳಗ್ಗೆ ಪೇಪರಿನಲ್ಲಿ ಬಂದದ್ದು ರಾತ್ರಿ ಅವರ ಬಾಯಲ್ಲಿ ಬರುತ್ತಿತ್ತು. ಇನ್ನೊಂದು ಕಡೆ ಹ್ಯಾಮ್ಲೆಟ್ ನಾಟಕದವರಿಗೆ ಬುದ್ಧಿ ಹೇಳುತ್ತಾನೆ, ವಿದೂಷಕರು ಬರೆದುಕೊಟ್ಟದ್ದಕ್ಕಿಂತ ಜಾಸ್ತಿ ಮಾತಾಡದಿರಲಿ ಅಂತ. ಇಬ್ಬರ ಮಾತೂ ನಮಗೆ ಬೇಕು.

ಹಾಗಾಗಿ ಪ್ರತಿ ನಾಟಕದಲ್ಲಿ ಮೂರೋ ನಾಲ್ಕೋ ಜಾಗ ಬಿಟ್ಟಿರುತ್ತೇವೆ. ಅಲ್ಲಿ ಊರಿನ ಸುದ್ದಿ ಸೇರಿಸಬಹುದು. ಕಿತ್ತುಹೋದ ರಸ್ತೆ, ಆಲೂಗಡ್ಡೆ ರೇಟು, ಶುಂಠಿ ರೇಟು, ಯಾವುದಾದರೂ. ಆ ಊರಿಗೆ ಹೋದ ದಿನ ಮಧ್ಯಾಹ್ನವೇ ಹೋಟೆಲಿನಲ್ಲಿ ಕೂತು ಜನ ಏನು ಮಾತಾಡುತ್ತಿದ್ದಾರೆ ಅಂತ ಕೇಳಿಸಿಕೊಳ್ಳುತ್ತೇವೆ. ಮ್ಯಾಕ್‌ಬೆತ್‌ನಲ್ಲಿ ಕೊಲೆಯಾದ ಕೂಡಲೇ ಬಾಗಿಲು ಬಡಿಯುವ ಸದ್ದಿಗೆ ಕುಡುಕ ಬಾಗಿಲವನು ಗೊಣಗುತ್ತಾ ಬರುತ್ತಾನಲ್ಲ, ಆ ಜಾಗ ಇದಕ್ಕೆಂದೇ ಇದ್ದ ಹಾಗಿದೆ. ನಮ್ಮ ವಾಚ್‌ಮನ್ ಅಲ್ಲಿ ಐದು ನಿಮಿಷ ಊರನ್ನೇ ಬಡಿಯುತ್ತಾನೆ. ಆರನೇ ನಿಮಿಷಕ್ಕೆ ಹಾರ್ಮೋನಿಯಂ ಶ್ರುತಿ ಹಿಡಿಯುತ್ತದೆ. ಅಂದರೆ ಸಾಕು, ಕಥೆಗೆ ವಾಪಸ್ ಬಾ.

ಜನ ಮಧ್ಯೆ ಮಾತಾಡಿದ್ರೆ, ಎದ್ದು ಓಡಾಡಿದ್ರೆ ನಿಮಗೆ ತೊಂದರೆ ಆಗಲ್ವಾ?

ಆಗುವುದಿಲ್ಲ. ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ ಒಂದು ಪೆನ್ನಿ ಕೊಟ್ಟವರು ಬಯಲಿನಲ್ಲಿ ನಿಂತೇ ನಾಟಕ ನೋಡುತ್ತಿದ್ದರು. ತಿನ್ನುತ್ತಾ, ಕೂಗುತ್ತಾ, ಹಗಲು ಬೆಳಕಿನಲ್ಲಿ. ಅವರಿಗಾಗಿಯೇ ಬರೆದ ನಾಟಕ ಇವು. ನಮ್ಮ ಕಡೆ ಕಡ್ಲೆಕಾಯಿ ಸಿಪ್ಪೆ ಬಿಡಿಸುತ್ತಾ ನೋಡುವವರು ಆ ಪೆನ್ನಿ ಕೊಟ್ಟವರ ನೆಂಟರೇ. ಫೋನು ಮಾತ್ರ ಆರಿಸಿ, ದಯವಿಟ್ಟು.

ಒಂದು ಸಂಗತಿ ಹೇಳಲೇಬೇಕು. ಬೇಲೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಶಾಲೆ ಅಂಗಳದಲ್ಲಿ ಆಡುತ್ತಿದ್ದೆವು. ರತ್ನಕ್ಕ ಕೈ ತೊಳೆಯುವ ದೃಶ್ಯ. ಮುಂದಿನ ಸಾಲಿನಲ್ಲಿ ಚಾಪೆ ಮೇಲೆ ಕೂತಿದ್ದ ಅಜ್ಜಿ ಬಹಳ ಹೊತ್ತು ನೋಡಿದರು. ಆಮೇಲೆ ಮನೆ ಸೊಸೆಗೆ ಹೇಳುವ ಹಾಗೆ ಹೇಳಿದರು, ‘ಹುಣಸೆಹಣ್ಣು ಹಾಕಿ ಉಜ್ಜವ್ವ, ಹೋಯ್ತದೆ.’

ಕೆಲವರು ನಗಲು ಶುರು ಮಾಡಿದರು. ನಮ್ಮ ನಟಿ ತಲೆ ಎತ್ತಲಿಲ್ಲ. ಕೈ ನೋಡುತ್ತಲೇ ಹೇಳಿದರು, ‘ಉಜ್ಜಿದೆ ಅಜ್ಜಿ. ಹೋಗ್ತಿಲ್ಲ.’

ನಗು ಅಲ್ಲಿಗೇ ನಿಂತಿತು. ಅಜ್ಜಿ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡರು. ಆ ಅಂಗಳದಲ್ಲಿ ಬಕೆಟ್ಟಿನ ನೀರು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅಜ್ಜಿ ಯಾವತ್ತೂ ಶೇಕ್ಸ್‌ಪಿಯರ್ ಹೆಸರು ಕೇಳಿರಲಿಕ್ಕಿಲ್ಲ. ನಮ್ಮ ಪಾಲಿಗೆ ಆ ನಾಟಕವನ್ನು ಅವರಷ್ಟು ಚೆನ್ನಾಗಿ ನೋಡಿದವರು ಇನ್ನೊಬ್ಬರಿಲ್ಲ.

ನಾವೂ ಇಂಥದ್ದೊಂದು ನಾಟಕ ಮಾಡಬೇಕು. ಎಲ್ಲಿಂದ ಶುರು?

ಮೂಲವನ್ನು ಪೂರ್ತಿ ಓದುವುದರಿಂದ. ಸಾರಾಂಶ ಓದಿ ಬರೆಯಲು ಹೋಗಬೇಡಿ. ನಾವು ಓದಿದ ಮೇಲೆ ಒಬ್ಬರು ಎದ್ದು ನಿಂತು ಕಥೆಯನ್ನು ಮನೆಯಲ್ಲಿ ಅಮ್ಮನಿಗೆ ಹೇಳುವ ಹಾಗೆ ಹೇಳಬೇಕು. ಎಲ್ಲಿ ತಡವರಿಸುತ್ತಾರೋ ಅಲ್ಲಿ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಎರಡು ಮೂರು ಸಲ ಹೀಗೆ ಹೇಳಿದರೆ ರಾಜ ತಾನಾಗಿ ಸಾಹುಕಾರ ಆಗಿರುತ್ತಾನೆ, ಕುದುರೆ ಹೋಗಿ ಜೀಪು ಬಂದಿರುತ್ತದೆ. ಆ ಬದಲಾವಣೆ ತಲೆಯಿಂದಲ್ಲ, ಬಾಯಿಂದ ಬರಬೇಕು.

ಹೆಸರು ಬದಲಾಯಿಸಿದರೆ ಸಾಲದು. ಮೂಲದ ಪಾತ್ರಕ್ಕೆ ಇದ್ದ ಭಯ ನಮ್ಮ ಪಾತ್ರಕ್ಕೂ ಅಷ್ಟೇ ಇರಬೇಕು. ಅತಿಥಿಯನ್ನು ಕೊಲ್ಲುವುದು ಸ್ಕಾಟ್ಲೆಂಡಿನಲ್ಲೂ ಮಹಾಪಾಪ, ಇಲ್ಲೂ ಮಹಾಪಾಪ. ಅದಕ್ಕೇ ನಾವು ಮರ ಬೀಳಿಸಿ ಸಾಹುಕಾರರನ್ನು ರೈಟರ್ ಮನೆಯಲ್ಲೇ ಉಳಿಸಿಕೊಂಡದ್ದು. ರತ್ನಕ್ಕನೇ ಅವರಿಗೆ ಬಿಸಿ ಕಡುಬು, ಸಾರು ಬಡಿಸುತ್ತಾಳೆ. ಉಂಡ ಮನೆಯಲ್ಲೇ ಸಾಯುತ್ತಾರೆ ಅನ್ನುವುದು ಜನರಿಗೆ ಚುರುಕ್ ಅನ್ನಬೇಕು.

ಮೊದಲ ನಾಟಕಕ್ಕೆ ಮೋಲಿಯೇರ್ ಒಳ್ಳೆಯದು. ಗೊಗೊಲ್‌ನ ‘ಇನ್‌ಸ್ಪೆಕ್ಟರ್ ಜನರಲ್’ ಕೂಡ. ಅದು 1836ರ ರಷ್ಯಾದ ಒಂದು ಸಣ್ಣ ಊರಿನ ಕಥೆ. ತನಿಖೆಗೆ ದೊಡ್ಡ ಅಧಿಕಾರಿ ಬರುತ್ತಾನೆ ಅಂತ ಸುದ್ದಿ ಬರುತ್ತದೆ, ಊರಿನವರು ಯಾರೋ ಖಾಲಿ ಜೇಬಿನ ಹುಡುಗನನ್ನು ಅವನೇ ಅಂತ ತಿಳಿದು ಉಪಚಾರ ಮಾಡುತ್ತಾರೆ. ತಾಲ್ಲೂಕು ಕಚೇರಿ ಒಮ್ಮೆ ನೋಡಿದವರಿಗೆ ಉಳಿದದ್ದು ಹೇಳಿಕೊಡಬೇಕಾಗಿಲ್ಲ.

ಹಕ್ಕು, ಅನುಮತಿ ಬೇಕಾ?

ಶೇಕ್ಸ್‌ಪಿಯರ್ 1616ರಲ್ಲಿ, ಮೋಲಿಯೇರ್ 1673ರಲ್ಲಿ ತೀರಿಕೊಂಡರು. ಅವರ ಮೂಲಕ್ಕೆ ಯಾರ ಅನುಮತಿಯೂ ಬೇಡ. ಆದರೆ ಕನ್ನಡ ಅನುವಾದಕ್ಕೆ ಬೇರೆ ಹಕ್ಕು ಇರುತ್ತದೆ, ಇದನ್ನು ತುಂಬಾ ಜನ ಮರೆಯುತ್ತಾರೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಕೈಲಾಸಂ ಮತ್ತು ಬಿ.ಎಂ.ಶ್ರೀ. ಇಬ್ಬರೂ 1946ರಲ್ಲಿ ತೀರಿಕೊಂಡರು, ಅವರ ಕೃತಿಗಳ ಅವಧಿ ಮುಗಿದಿದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಅವರದಕ್ಕೆ ಒಪ್ಪಿಗೆ ಬೇಕು. ಅನುವಾದಕರ ಒಂದು ಸಾಲು ಬಳಸಿದರೂ ಕೇಳಿ ಬಳಸಿ, ವೇದಿಕೆ ಮೇಲೆ ಹೆಸರು ಹೇಳಿ.

ನಮ್ಮ ಊರಲ್ಲಿ ಆಡಿಸಬೇಕು ಅಂದ್ರೆ?

ಹಾಸನಾಂಬ ಕಲಾಕ್ಷೇತ್ರ, ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರ ಥರದ ಒಳಾಂಗಣ ಆದರೆ ಯೋಚನೆ ಇಲ್ಲ. ಬಯಲಾದರೆ ಇಪ್ಪತ್ತು ಅಡಿ ಅಗಲದ ಜಾಗ, ನಾಲ್ಕು ಮೈಕು, ಕೈಕಾಲು ತೊಳೆಯಲು ನೀರು, ಹೆಂಗಸರು ಬಟ್ಟೆ ಬದಲಿಸಲು ಬಾಗಿಲಿರುವ ಒಂದು ಕೋಣೆ. ಕೊನೆಯದು ಇಲ್ಲದಿದ್ದರೆ ನಾವು ಬರುವುದಿಲ್ಲ. ಬಯಲಲ್ಲಿ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ, ಅದಕ್ಕೆ ಏಳಕ್ಕೇ ಶುರು ಮಾಡುತ್ತೇವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಯಲಲ್ಲಿ ಆಟ ಬೇಡ. ತಗಡಿನ ಮೇಲೆ ಮಳೆ ಹುಯ್ದರೆ ಎಂಥ ಗಂಟಲೂ ಸೋಲುತ್ತದೆ. ತೋಟದ ಕಡೆಯಾದರೆ ಕಾಫಿ ಕೊಯ್ಲು ಮುಗಿಯಲಿ. ದಿನವೆಲ್ಲ ಹಣ್ಣು ಕೊಯ್ದು ಬಂದವರನ್ನು ರಾತ್ರಿ ಕೂರಿಸಿಕೊಳ್ಳುವುದು ಸರಿಯಲ್ಲ.

ಟಿಕೆಟ್ ಇಲ್ಲ. ಕೊನೆಯಲ್ಲಿ ಡಬ್ಬಿ ಇಡುತ್ತೇವೆ. ವ್ಯಾನಿನ ಖರ್ಚು, ಊಟ ಊರಿನವರದು.

ಮುಂದಿನ ನಾಟಕ ಯಾವುದು?

ಮೋಲಿಯೇರ್ 1668ರಲ್ಲಿ ಆಡಿದ ‘ಜಿಪುಣ’. ಅವನು ಅದನ್ನು ಅದೇ ಪ್ಲಾಟಸ್‌ನಿಂದ ತೆಗೆದುಕೊಂಡಿದ್ದ, ನಾವು ಅವನಿಂದ ತೆಗೆದುಕೊಳ್ಳುತ್ತಿದ್ದೇವೆ. ನಮ್ಮ ಜಿಪುಣ ಅರಸೀಕೆರೆಯ ಕೊಬ್ಬರಿ ವ್ಯಾಪಾರಿ. ದುಡ್ಡಿನ ಪೆಟ್ಟಿಗೆಯನ್ನು ತೆಂಗಿನ ಬುಡದಲ್ಲಿ ಹೂತಿಟ್ಟಿದ್ದಾನೆ. ಮೂಲದಲ್ಲಿ ಪೆಟ್ಟಿಗೆ ಕಳುವಾದಾಗ ಅವನು ಹುಚ್ಚನ ಹಾಗೆ ಸಭಿಕರ ಕಡೆ ತಿರುಗಿ, ಕಳ್ಳ ನಿಮ್ಮಲ್ಲೇ ಅಡಗಿದ್ದಾನಾ ಅಂತ ಕೇಳುತ್ತಾನೆ. ನಮ್ಮವನು ಕೇಳಿ ಸುಮ್ಮನಾಗುವುದಿಲ್ಲ, ಲಾಟೀನು ಹಿಡಿದು ಕೆಳಗೇ ಇಳಿದು ಬರುತ್ತಾನೆ. ಈಗ ತಾಲೀಮು ನಡೆಯುತ್ತಿರುವುದು ಆ ದೃಶ್ಯದ್ದೇ. ನೀವು ಬರುವಾಗ ಒಂದು ಕೈಚೀಲ ತನ್ನಿ. ಅವನು ನಿಮ್ಮ ಸಾಲಿಗೆ ಬಂದಾಗ ಬಿಚ್ಚಿ ತೋರಿಸಬೇಕಾಗುತ್ತದೆ.